ಪಹಣಿಯಲ್ಲಿ 3 ಎಕರೆ 20 ಸೆಂಟ್ಸ್, ನೆಲದಲ್ಲಿ 2 ಎಕರೆ 87: ಹಳ್ಳಿಯ ಜಾಗಕ್ಕೆ ಬೆಲೆ ಕಟ್ಟುವುದು ಹೇಗೆ?

ಬೈಲುಮನೆ, ಕಾರ್ಕಳ ತಾಲೂಕು

ಎಲ್ಲರಿಗೂ ನಮಸ್ಕಾರ. ತಾಯಿಯ ಕಾಲಾನಂತರ ನಮ್ಮ ಕುಟುಂಬದ ಜಾಗವನ್ನು ಅಕ್ಕ, ನಾನು ಮತ್ತು ಮುಂಬಯಿಯಲ್ಲಿ ನೆಲೆಸಿರುವ ತಮ್ಮ ಪಾಲು ಮಾಡಿಕೊಳ್ಳಬೇಕಾಗಿದೆ. ತಮ್ಮ ತನ್ನ ಪಾಲನ್ನು ಮಾರುವವನಿದ್ದಾನೆ. ಅಕ್ಕನಿಗೂ ನನಗೂ ನಮ್ಮ ಪಾಲನ್ನು ಉಳಿಸಿಕೊಳ್ಳುವ ಮನಸ್ಸಿದೆ, ಸಾಧ್ಯವಾದರೆ ತಮ್ಮನ ಪಾಲನ್ನೂ ನಾವೇ ಕೊಳ್ಳುವ ಆಸೆಯಿದೆ. ಆದುದರಿಂದ ಯಾರಿಗೂ ಅನ್ಯಾಯವಾಗದ ಬೆಲೆಯೊಂದನ್ನು ನಾವೇ ಕಂಡುಕೊಳ್ಳಬೇಕಾಗಿದೆ.

ಜಾಗ ಹೀಗಿದೆ. ಪಂಚಾಯತ್ ರಸ್ತೆಗೆ ತಾಗಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ, ಅದರ ಕೆಳಗೆ ಹದಿನೈದು ವರ್ಷಗಳಿಂದ ಬೇಸಾಯವಿಲ್ಲದೆ ಹಡಿಲು ಬಿದ್ದ ಮಜಲು (ನಡುಮಟ್ಟದ) ಗದ್ದೆ, ಇನ್ನೂ ಕೆಳಗೆ ತೋಡಿನ (ಸಣ್ಣ ಹಳ್ಳದ) ಬದಿಯ ಬೈಲಿನಲ್ಲಿ, ಅಂದರೆ ತಗ್ಗಿನ ಗದ್ದೆಯಲ್ಲಿ, ಬಾವಿ ಮತ್ತು ಸುಮಾರು ಒಂದು ಎಕರೆ ಅಡಿಕೆ ತೋಟ. ಪಹಣಿಯ ಪ್ರಕಾರ ಒಟ್ಟು 3 ಎಕರೆ 20 ಸೆಂಟ್ಸ್ (ನೂರು ಸೆಂಟ್ಸಿಗೆ ಒಂದು ಎಕರೆ). ಕಳೆದ ತಿಂಗಳು ಖಾಸಗಿಯಾಗಿ ಅಳತೆ ಮಾಡಿಸಿದಾಗ 2 ಎಕರೆ 87 ಸೆಂಟ್ಸ್ ಮಾತ್ರ ದೊರೆಯಿತು. ಬೆಲೆಯನ್ನು ಮೂವರಲ್ಲಿ ಕೇಳಿದೆವು. ಒಬ್ಬರು ಇಡೀ ಜಾಗಕ್ಕೆ ಎಕರೆ ಲೆಕ್ಕದಲ್ಲಿ ಹೇಳಿದರು, ಇನ್ನೊಬ್ಬರು ರಸ್ತೆ ಬದಿಯ ಗುಡ್ಡೆಗೆ ಮಾತ್ರ ಸೆಂಟಿನ ಲೆಕ್ಕದಲ್ಲಿ ಹೇಳಿದರು, ಮೂರನೆಯವರು ತೋಟಕ್ಕೆ ಮರಗಳ ಲೆಕ್ಕ ಹಾಕಿದರು. ಮೂರನ್ನೂ ಸೆಂಟಿಗೆ ಇಳಿಸಿ ನೋಡಿದರೆ ಅತಿ ಹೆಚ್ಚಿನ ಬೆಲೆಯು ಅತಿ ಕಡಿಮೆಯದರ ನಾಲ್ಕು ಪಟ್ಟಾಗುತ್ತದೆ. ಒಂದೇ ಸರ್ವೆ ನಂಬ್ರದ ಒಳಗೆ ಇಷ್ಟು ಅಂತರ ಹೇಗೆ ಬರುತ್ತದೆ, ಕಾಣೆಯಾದ 33 ಸೆಂಟ್ಸನ್ನು ಎಲ್ಲಿ ಹುಡುಕಬೇಕು ಎಂಬ ಎರಡು ಪ್ರಶ್ನೆಗಳಿಗೆ ಬಲ್ಲವರು ಉತ್ತರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಸರ್ವೆಯರ್, ಉಡುಪಿ

ಬೈಲುಮನೆಯವರೇ, ಯಾರೋ ಒತ್ತುವರಿ ಮಾಡಿದ್ದಾರೆಂದು ಈಗಲೇ ತೀರ್ಮಾನಿಸಬೇಡಿ. ಮೊದಲು ಪಹಣಿಯ ವಿಸ್ತೀರ್ಣದ ಕಲಮನ್ನು ಬಿಡಿಸಿ ಓದಿ. ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಮತ್ತು ಉಳಿಕೆ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಪಾದೆಕಲ್ಲು, ಕಣ, ಮನೆಯಡಿ ಮುಂತಾಗಿ ಸಾಗುವಳಿಗೆ ಒದಗದ ನಿಮ್ಮದೇ ಜಾಗ ‘ಅ’ ಖರಾಬಿನಲ್ಲಿ ಬರುತ್ತದೆ. ಸಾರ್ವಜನಿಕ ದಾರಿ, ತೋಡು ಮುಂತಾದವು ‘ಬ’ ಖರಾಬು. ಅದು ನಿಮ್ಮ ನಂಬ್ರದೊಳಗೆ ಕಂಡರೂ ನಿಮ್ಮ ಸೊತ್ತಲ್ಲ, ಅದಕ್ಕೆ ಬೆಲೆ ಕಟ್ಟುವ ಹಾಗೂ ಇಲ್ಲ. ತೋಡಿನ ಬದಿಯ ಜಾಗಗಳಲ್ಲಿ ಈ ಅಂಕಿಯನ್ನು ನೋಡದೆ ಒಟ್ಟು ವಿಸ್ತೀರ್ಣಕ್ಕೇ ಅಡ್ವಾನ್ಸ್ ಕೊಟ್ಟು ತೊಂದರೆಗೆ ಸಿಲುಕಿದ ಅನೇಕರನ್ನು ನಾನು ಕಂಡಿದ್ದೇನೆ.

ಎರಡನೆಯದಾಗಿ, ಖಾಸಗಿಯವರು ಯಾವ ಗಡಿಯನ್ನು ಹಿಡಿದು ಅಳೆದರು ಎಂದು ಕೇಳಿ. ಸಾಮಾನ್ಯವಾಗಿ ಅವರು ಈಗ ಇರುವ ಬೇಲಿ, ಪಾಗಾರ (ಆವರಣ ಗೋಡೆ) ಅಥವಾ ಅಗಳಿನ (ಗಡಿಯ ಕಂದಕದ) ಗುಂಟ ಅಳೆಯುತ್ತಾರೆ. ಸರಕಾರಿ ನಕ್ಷೆಯ ಗಡಿ ಬೇರೆಯೇ ಇರಬಹುದು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ನಮ್ಮ ಜಿಲ್ಲೆಯನ್ನು 66 ಅಡಿಯ ಸರಪಳಿ ಹಿಡಿದು ಅಳೆದಿದ್ದರು. ಆ ಸರಪಳಿಯಲ್ಲಿ 100 ಕೊಂಡಿಗಳು, 1000 ಚದರ ಕೊಂಡಿಗೆ ಒಂದು ಸೆಂಟು. ಘಟ್ಟದ ಮೇಲೆ ಗುಂಟೆಯ ಲೆಕ್ಕವಿರುವಾಗ ನಮ್ಮಲ್ಲಿ ಸೆಂಟ್ಸ್ ಉಳಿದುದು ಈ ಕಾರಣದಿಂದ. ಒಂದು ಸೆಂಟು ಅಂದರೆ 435.6 ಚದರ ಅಡಿ. ಎರಡೂವರೆ ಸೆಂಟಿಗೆ ಒಂದು ಗುಂಟೆ. ಬೆಂಗಳೂರಿನ ಕಡೆಯಿಂದ ಬರುವವರೊಡನೆ ಮಾತಾಡುವಾಗ ಈ ಲೆಕ್ಕವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಇಳಿಜಾರಿನ ವಿಷಯವನ್ನೂ ಹೇಳಬೇಕು. ದಾಖಲೆಯ ವಿಸ್ತೀರ್ಣ ಸಮತಟ್ಟಿನ ಅಳತೆಯೇ ಹೊರತು ನೆಲದ ಮೈಯ ಅಳತೆಯಲ್ಲ. 20 ಡಿಗ್ರಿಯ ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ 100 ಅಡಿ ಎಳೆದರೆ ನಕ್ಷೆಯಲ್ಲಿ ಅದು 94 ಅಡಿ ಮಾತ್ರ. ಗುಡ್ಡೆಯ ಜಾಗವನ್ನು ಹಾಗೆ ಅಳೆದು, ‘ದಾಖಲೆಗಿಂತ ಹೆಚ್ಚಿದೆ’ ಎಂದು ಮಾರುವವರೂ ಇದ್ದಾರೆ. ನಿಮ್ಮಲ್ಲಿ ಅದು ಕಡಿಮೆಯೇ ಬಂದಿರುವುದರಿಂದ ಕಾರಣ ಬೇರೆ ಇರಬೇಕು. ತಾಲೂಕು ಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ನೆರೆಯವರಿಗೆ ನೋಟೀಸು ಹೋಗಿ, ಅವರ ಎದುರಿನಲ್ಲಿ ಗಡಿ ಗುರುತಾದರೆ ಮಾತ್ರ ಆ ಅಳತೆಗೆ ನಾಳೆ ಬೆಲೆಯಿರುತ್ತದೆ. ನಂಬ್ರದ ಒಂದು ಭಾಗವನ್ನು ಮಾರುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಬಿಡಿಸಿದ ಸರಕಾರಿ ನಕ್ಷೆ, ಹೇಗೂ ಬೇಕಾಗುತ್ತದೆ.

ತೋಟದವ, ಬೆಳ್ತಂಗಡಿ ತಾಲೂಕು

ಸರ್ವೆಯರ್ ಸರ್ ವಿಸ್ತೀರ್ಣದ ಬಗ್ಗೆ ಹೇಳಿದ್ದಾರೆ, ನಾನು ಬೆಲೆಯ ಬಗ್ಗೆ ಹೇಳುತ್ತೇನೆ. ಕೃಷಿಗಾಗಿ ಜಾಗ ಕೊಳ್ಳುವವರು ನಮ್ಮಲ್ಲಿ ಕೊಳ್ಳುವುದು ನೀರನ್ನು. ನೆಲ ಅದರ ಜೊತೆಗೆ ಬರುತ್ತದೆ.

ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆಂದು ಹೊರಗಿನವರು ನೀರಿನ ಚಿಂತೆಯೇ ಇಲ್ಲವೆಂದು ತಿಳಿಯುತ್ತಾರೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಮುರಕಲ್ಲಿನ ಮಣ್ಣಿನಲ್ಲಿ ಸೋಸಿ, ತೋಡು ಸೇರಿ ಸಮುದ್ರಕ್ಕೆ ಹೋಗಿಬಿಡುತ್ತದೆ. ಮಾರ್ಚ್ ತಿಂಗಳಿನಿಂದ ಮೇ ಕೊನೆಯವರೆಗೆ ಉಳಿಯುವ ನೀರೇ ಜಾಗದ ನಿಜವಾದ ಯೋಗ್ಯತೆ. ಡಿಸೆಂಬರ್‌ನಲ್ಲಿ ಜಾಗ ತೋರಿಸಿ ಜನವರಿಯೊಳಗೆ ಕರಾರುಪತ್ರ ಮಾಡಿಸಲು ಅವಸರಪಡುವ ಮಾರಾಟಗಾರರನ್ನು ಕಂಡರೆ ನಾನು ಹಿಂದೆ ಸರಿಯುತ್ತೇನೆ.

ಲೆಕ್ಕ ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ದಿನಕ್ಕೆ ಒಂಬತ್ತು ಸಾವಿರದಿಂದ ಹನ್ನೊಂದು ಸಾವಿರ ಲೀಟರ್. ಏಪ್ರಿಲ್ ಕೊನೆಯ ವಾರ ನಿಮ್ಮ ಬಾವಿಯ ಬಳಿ ನಿಂತು ಪಂಪು ಹಾಕಿ, ಫುಟ್‌ವಾಲ್ವ್ ಕಾಣುವವರೆಗೆ ಎಷ್ಟು ಹೊತ್ತು ಓಡಿತು, ಮತ್ತೆ ಮೊದಲಿನ ಮಟ್ಟಕ್ಕೆ ಒಸರು ತುಂಬಲು ಎಷ್ಟು ಗಂಟೆ ಹಿಡಿಯಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಒಂದು ಎಕರೆಗೆ ಸಾಲುವ ಬಾವಿಯೋ, ಅರ್ಧ ಎಕರೆಗೆ ಸಾಲುವ ಬಾವಿಯೋ ಎಂಬುದು ಅಂದೇ ತಿಳಿಯುತ್ತದೆ. ನಾನು 2009ರಲ್ಲಿ ಇದನ್ನು ಮಾಡದೆ ಪಕ್ಕದ ಒಂದೂಕಾಲು ಎಕರೆಯನ್ನು ಕೊಂಡೆ. ಮೊದಲ ಬೇಸಿಗೆಯಲ್ಲೇ ಸಸಿಗಳು ಸೋಗೆ ಬಾಡಿಸಿ ನಿಂತಾಗ, ನಾನು ಕೊಟ್ಟ ಹಣದಲ್ಲಿ ಅರ್ಧದಷ್ಟು ಹಣವು ಇಲ್ಲದ ನೀರಿಗೆ ಹೋಗಿದೆಯೆಂದು ಅರ್ಥವಾಯಿತು.

ತೋಡಿಗೆ ಕಿಂಡಿ ಅಣೆಕಟ್ಟು ಇದ್ದು, ಮಳೆ ನಿಂತ ಮೇಲೆ ಊರವರು ಸೇರಿ ಹಲಗೆ ಹಾಕುವ ವಾಡಿಕೆ ಇದ್ದರೆ ಮೇಲಿನ ಬಾವಿಗಳ ನೀರು ಏರುತ್ತದೆ. ಅಂಥ ಕಡೆ ಬೈಲಿನ ಬೆಲೆ ತಾನಾಗಿ ಹೆಚ್ಚು. ಹಲಗೆ ಕಳೆದುಹೋಗಿ ಅಣೆಕಟ್ಟು ಬರಿಯ ಕಂಬಗಳಾಗಿ ನಿಂತಿದ್ದರೆ ಅದನ್ನು ನಂಬಿ ಬೆಲೆ ಕೊಡಬೇಡಿ. ಹೊಳೆಯ ಬಾಯಿಗೆ ಹತ್ತಿರದ ಊರುಗಳಲ್ಲಿ ಬೇಸಿಗೆಯಲ್ಲಿ ಉಪ್ಪುನೀರು ಏರಿ ಬಾವಿಗೆ ಬರುತ್ತದೆ. ಅಲ್ಲಿ ನೀರಿನ ಪ್ರಮಾಣವನ್ನು ಕೇಳಿದರೆ ಸಾಲದು, ಮೇ ತಿಂಗಳಲ್ಲಿ ಬಾಯಿಗೆ ಹಾಕಿ ನೋಡಬೇಕು.

ಹಳೆಯವರು ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸಿದ್ದೂ ನೀರಿನ ಮೇಲೆಯೇ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯನ್ನೂ ಕೊಡಬಲ್ಲದ್ದು ಬೈಲು, ಎರಡಕ್ಕೆ ನಿಲ್ಲುವುದು ಮಜಲು, ಮಳೆಗಾಲದ ಒಂದೇ ಬೆಳೆಯದು ಬೆಟ್ಟು. ಈಗ ಬತ್ತ ಹೋಗಿದೆ, ಆದರೆ ನೀರಿನ ಆ ಮೆಟ್ಟಿಲು ಹಾಗೆಯೇ ಇದೆ.

ಮಾರ್ಗದ ಬದಿ, ಮೂಡುಬಿದಿರೆ

ತೋಟದವರ ಮಾತು ಕೃಷಿಕನಿಗೆ ಸರಿ, ಆದರೆ ಇಂದು ಬೆಲೆಯನ್ನು ನಿರ್ಣಯಿಸುತ್ತಿರುವವರು ಕೃಷಿಕರಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಬಂಜರು ಗುಡ್ಡೆಗೆ ಬೈಲಿಗಿಂತ ಹೆಚ್ಚಿನ ಬೆಲೆ ಬಂದಿರುವುದೇ ಅದಕ್ಕೆ ಸಾಕ್ಷಿ. ನಮ್ಮ ತಂದೆಯವರ ಕಾಲದಲ್ಲಿ ಗುಡ್ಡೆಯನ್ನು ಸೊಪ್ಪಿಗೆ, ದನ ಮೇಯಿಸಲು ಇಟ್ಟುಕೊಳ್ಳುತ್ತಿದ್ದರು, ಪಾಲಿನಲ್ಲಿ ಗುಡ್ಡೆ ಬಂದವನು ಮುಖ ಸಣ್ಣದು ಮಾಡುತ್ತಿದ್ದನು. ಮನೆಯಡಿಗೆ ನೀರು ನಿಲ್ಲದ ಎತ್ತರದ ಜಾಗ, ಲಾರಿ ಬರುವ ಮಾರ್ಗ, ಅಡಿಪಾಯಕ್ಕೆ ಗಟ್ಟಿಯಾದ ಮುರಕಲ್ಲು, ಇವು ಬೇಕಾದ ಮೇಲೆ ಲೆಕ್ಕ ತಿರುಗಿಬಿತ್ತು. ಮಣಿಪಾಲ, ಸುರತ್ಕಲ್, ದೇರಳಕಟ್ಟೆ, ನಿಟ್ಟೆ, ಮೂಡುಬಿದಿರೆ, ಎಲ್ಲಿ ಕಾಲೇಜುಗಳೂ ಆಸ್ಪತ್ರೆಗಳೂ ಬೆಳೆದವೋ ಅಲ್ಲಿ ಸುತ್ತಣ ಗ್ರಾಮಗಳ ಗುಡ್ಡೆಯೆಲ್ಲ ಸೆಂಟಿನ ಲೆಕ್ಕಕ್ಕೆ ಬಂದಿದೆ.

ಹತ್ತು ಸೆಂಟಿನ ಜಾಗ ಕೊಳ್ಳುವ ಶಕ್ತಿ ಉಳ್ಳವರು ನೂರು ಮಂದಿಯಾದರೆ, ಮೂರು ಎಕರೆಯನ್ನು ಒಟ್ಟಿಗೆ ಕೊಳ್ಳಬಲ್ಲವರು ಒಬ್ಬಿಬ್ಬರು. ಜಾಗ ದೊಡ್ಡದಾದಷ್ಟೂ ಸೆಂಟಿನ ಬೆಲೆ ಇಳಿಯುವುದು ಇದರಿಂದ. ಆದರೆ ಸಣ್ಣದು ಮಾಡಿ ಮಾರುವಾಗ ಕಳೆದುಹೋಗುವುದನ್ನೂ ಲೆಕ್ಕ ಹಾಕಬೇಕು. 300 ಅಡಿ ಉದ್ದಕ್ಕೆ 20 ಅಡಿ ಅಗಲದ ಮಾರ್ಗ ಬಿಟ್ಟರೆ ಹದಿಮೂರೂಮುಕ್ಕಾಲು ಸೆಂಟ್ಸ್ ಅದಕ್ಕೇ ಹೋಗುತ್ತದೆ. ಕನ್ವರ್ಷನ್ನಿನ (ಕೃಷಿಯೇತರ ಬಳಕೆಗೆ ಭೂಪರಿವರ್ತನೆಯ) ಖರ್ಚು, ಪಂಚಾಯತ್‌ನಲ್ಲಿ 9/11 (ನಿವೇಶನದ ಸೊತ್ತು ದಾಖಲೆ) ಆಗುವವರೆಗಿನ ಓಡಾಟ, ಮೂಲೆಯಲ್ಲಿ ಉಳಿದು ಯಾರಿಗೂ ಬೇಡವಾಗುವ ತುಂಡು, ಇವೆಲ್ಲ ಕಳೆದ ಮೇಲೆ ಉಳಿಯುವುದು ನಿಜವಾದ ಬೆಲೆ. ಬೈಲುಮನೆಯವರಿಗೆ ಗುಡ್ಡೆಯ ಬೆಲೆ ಹೇಳಿದ ಎರಡನೆಯವರು ಇದನ್ನೆಲ್ಲ ಕಳೆದು ಹೇಳಿದ್ದಾರೋ ಕಳೆಯದೆ ಹೇಳಿದ್ದಾರೋ ವಿಚಾರಿಸಬೇಕು.

ನನ್ನದೇ ಅನುಭವವನ್ನು ಹೇಳಬೇಕಾಗಿದೆ. ಹೆದ್ದಾರಿ ಅಗಲವಾಗುವಾಗ ನಮ್ಮ 22 ಸೆಂಟ್ಸ್ ಹೋಯಿತು. ಪರಿಹಾರದ ಆದೇಶ ಕೈಗೆ ಬಂದಾಗ ಅದರಲ್ಲಿದ್ದ ದರವು ನಮ್ಮ ಊರಿನಲ್ಲಿ ಎಲ್ಲರೂ ಬಲ್ಲ ಮಾರುಕಟ್ಟೆ ದರದ ಹತ್ತಿರವೂ ಇರಲಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ, ನಿಮ್ಮ ಗ್ರಾಮದ ಕ್ರಯಪತ್ರಗಳಲ್ಲಿಯೇ ಇಷ್ಟೇ ಇದೆ ಎಂದು ಪಟ್ಟಿಯನ್ನು ಮುಂದಿಟ್ಟರು. ಅದರಲ್ಲಿ ನಾನೇ ಮೂರು ವರ್ಷಗಳ ಹಿಂದೆ ದಾಯಾದಿಯಿಂದ ಕೊಂಡ ಜಾಗದ ಪತ್ರವೂ ಇತ್ತು. ಅದರಲ್ಲಿ ಬರೆಸಿದ್ದು ಕೊಟ್ಟ ಹಣದ ಮೂರನೆಯ ಒಂದು ಭಾಗ.

ನ್ಯಾಯವಾದಿ, ಮಂಗಳೂರು

ಮಾರ್ಗದ ಬದಿಯವರು ಮುಚ್ಚುಮರೆಯಿಲ್ಲದೆ ಬರೆದುದಕ್ಕೆ ವಂದನೆಗಳು. ಈ ಒಂದು ವಿಷಯವನ್ನು ನಾನು ಕಕ್ಷಿದಾರರಿಗೆ ಹೇಳಿ ಹೇಳಿ ಸೋತಿದ್ದೇನೆ, ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ 26ನೆಯ ಕಲಮಿನಂತೆ, ಸ್ವಾಧೀನವಾಗುವ ಜಾಗದ ಮಾರುಕಟ್ಟೆ ಬೆಲೆಯನ್ನು ಗೊತ್ತುಪಡಿಸುವಾಗ ಸರಕಾರದ ಮಾರ್ಗಸೂಚಿ ಬೆಲೆಯನ್ನೂ, ಹಿಂದಿನ ಮೂರು ವರ್ಷಗಳಲ್ಲಿ ಆ ಸುತ್ತಿನಲ್ಲಿ ನೋಂದಣಿಯಾದ ಅಂಥದೇ ಜಾಗಗಳ ಕ್ರಯಪತ್ರಗಳನ್ನೂ ನೋಡುತ್ತಾರೆ. ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಮಾತ್ರ ಆರಿಸಿ ಅವುಗಳ ಸರಾಸರಿ ತೆಗೆಯುತ್ತಾರೆ, ಮತ್ತು ಈ ಲೆಕ್ಕಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಗ್ರಾಮೀಣ ಜಾಗವಾದರೆ ಅದನ್ನು ಒಂದರಿಂದ ಎರಡರವರೆಗಿನ ಗುಣಕದಿಂದ ಗುಣಿಸಿ, ಬಂದ ಮೊತ್ತಕ್ಕೆ ಅಷ್ಟೇ ಸಾಂತ್ವನ ಧನವನ್ನು ಸೇರಿಸುತ್ತಾರೆ. ಕಾಯ್ದೆ ಧಾರಾಳವಾಗಿಯೇ ಇದೆ. ಆದರೆ ಗ್ರಾಮದ ಎಲ್ಲರೂ ಮುದ್ರಾಂಕ ಶುಲ್ಕ ಉಳಿಸಲು ಕಡಿಮೆ ಬೆಲೆ ಬರೆಸಿದ್ದರೆ ಗುಣಿಸಲ್ಪಡುವ ಮೂಲ ಅಂಕಿಯೇ ಚಿಕ್ಕದಾಗಿರುತ್ತದೆ. ಒಬ್ಬನು ಉಳಿಸಿದ ಶುಲ್ಕದ ನಷ್ಟವನ್ನು, ಮೂರು ವರ್ಷಗಳೊಳಗೆ ಮಾರ್ಗ ಬಂದರೆ ಅವನ ನೆರೆಹೊರೆಯವರೆಲ್ಲ ತೆರುತ್ತಾರೆ.

ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್; ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ. ಇದು ಹೊರೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಬೆಲೆಗಳನ್ನು ಏರಿಸಿದ ಮೇಲೆ ಕೆಲವು ಒಳಗ್ರಾಮಗಳಲ್ಲಿ ಅದು ನಿಜವಾದ ಬೆಲೆಯನ್ನು ಸಮೀಪಿಸಿದೆ, ಮಾರ್ಗದ ಬದಿಯಲ್ಲಿ ಈಗಲೂ ಬಹಳ ಹಿಂದಿದೆ. ಮಾರ್ಗಸೂಚಿ ಬೆಲೆಯು ಇದಕ್ಕಿಂತ ಕಡಿಮೆಗೆ ನೋಂದಾಯಿಸಬಾರದೆಂಬ ತಳಮಟ್ಟ ಮಾತ್ರ. ಅದನ್ನೇ ಜಾಗದ ಬೆಲೆಯೆಂದು ಪಾಲುದಾರರ ನಡುವೆ ಲೆಕ್ಕಕ್ಕೆ ಹಿಡಿಯುವುದು ತಪ್ಪು.

ಬೆಲೆಯನ್ನು ಬದಲಿಸಿದ ಇನ್ನೊಂದು ಕಾರಣವೆಂದರೆ 2020ರ ಭೂಸುಧಾರಣಾ ತಿದ್ದುಪಡಿ. ಅದಕ್ಕೆ ಮುಂಚೆ ಕೃಷಿಕನಲ್ಲದವನು, ಅಥವಾ ಕೃಷಿಯೇತರ ವರಮಾನ 25 ಲಕ್ಷ ಮೀರಿದವನು, ಕೃಷಿ ಜಾಗ ಕೊಳ್ಳುವಂತಿರಲಿಲ್ಲ. 79ಎ ಮತ್ತು 79ಬಿ ಕಲಮುಗಳು ಹೋದ ಮೇಲೆ ಕೊಳ್ಳುವವರ ವೃತ್ತ ದೊಡ್ಡದಾಯಿತು, ಹೊಳೆ ಕಾಣುವ, ಗುಡ್ಡದ ಮೇಲಿನ ಜಾಗಗಳಿಗೆ ದೂರದ ಹಣ ಬಂತು. ಮಾರುವವನಿಗೆ ಇದು ಲಾಭ. ಆದರೆ ಪಕ್ಕದ ಅರ್ಧ ಎಕರೆಯನ್ನು ಸೇರಿಸಿಕೊಂಡು ತೋಟವನ್ನು ಬದುಕುವಷ್ಟು ದೊಡ್ಡದು ಮಾಡಬೇಕೆನ್ನುವ ಸ್ಥಳೀಯ ಕೃಷಿಕನಿಗೆ ಆ ಅರ್ಧ ಎಕರೆ ಕೈಗೆಟುಕದಂತಾಯಿತು. ಇದು ನನ್ನ ಅಭಿಪ್ರಾಯ. ಭಿನ್ನವಾಗಿ ಯೋಚಿಸುವವರಿದ್ದರೆ ಬರೆಯಬಹುದು.

ತೆರಿಗೆಯ ಬಗ್ಗೆ ಒಂದು ಮಾತು. ನಗರಸಭೆ ಅಥವಾ ಪುರಸಭೆಯ ಗಡಿಯಿಂದ, ಅದರ ಜನಸಂಖ್ಯೆಯನ್ನು ಹೊಂದಿಕೊಂಡು, 2, 6 ಅಥವಾ 8 ಕಿಲೋಮೀಟರಿನ ಒಳಗಿರುವ ಕೃಷಿ ಜಾಗದ ಮಾರಾಟದ ಲಾಭಕ್ಕೆ ಆದಾಯ ತೆರಿಗೆ ಬೀಳುತ್ತದೆ, ಅದರಾಚೆಗಿನ ಗ್ರಾಮೀಣ ಕೃಷಿ ಜಾಗಕ್ಕೆ ಬೀಳುವುದಿಲ್ಲ. ನಿಮ್ಮ ತಮ್ಮನು ಮಾರುವ ಮುಂಚೆ ಈ ದೂರವನ್ನು ನೋಡಿಕೊಳ್ಳಿ, ಕೈಗೆ ಬರುವ ಹಣದಲ್ಲಿ ಇದು ದೊಡ್ಡ ಅಂತರವನ್ನು ಮಾಡುತ್ತದೆ.

ಊರಿಗೆ ಮರಳುವವ, ಈಗ ಬೆಂಗಳೂರು

ನಾನು ಕೊಳ್ಳುವ ಪಕ್ಷದವನು. ಕುಂದಾಪುರದ ಒಳಭಾಗದಲ್ಲಿ ಒಂದು ಜಾಗ ನೋಡಿದ್ದೇನೆ. ಮಾರುವವರು ‘ವರ್ಗ 1 ಎಕರೆ 40, ಕುಮ್ಕಿ ಎರಡು ಎಕರೆ, ಒಟ್ಟು 3 ಎಕರೆ 40’ ಎಂದು ಹೇಳಿ ಒಟ್ಟಿಗೇ ಬೆಲೆ ಕೇಳುತ್ತಿದ್ದಾರೆ. ಕುಮ್ಕಿಗೂ ಬೆಲೆ ಕೊಡಬೇಕೇ?

ನಿವೃತ್ತ ಸರ್ವೆಯರ್, ಉಡುಪಿ

ಕೊಡಬಾರದು, ಅಥವಾ ಏನನ್ನು ಕೊಳ್ಳುತ್ತಿದ್ದೀರೆಂದು ತಿಳಿದುಕೊಂಡು ಕೊಡಬೇಕು. ವರ್ಗ ಜಾಗದ (ಪಟ್ಟೆಯಿರುವ ಸ್ವಂತ ಜಾಗದ) ಗಡಿಯಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ಮುಂತಾದವನ್ನು ತನ್ನ ಕೃಷಿಗಾಗಿ ಬಳಸಿಕೊಳ್ಳುವ ವರ್ಗದಾರನ ಸವಲತ್ತೇ ಕುಮ್ಕಿ. 1964ರ ಭೂಕಂದಾಯ ಕಾಯ್ದೆ ಅದನ್ನು ಉಳಿಸಿಕೊಟ್ಟಿದೆ, ಆದರೆ ನೆಲದ ಒಡೆತನ ಸರಕಾರದ್ದೇ. ನಿಮ್ಮ ಕ್ರಯಪತ್ರದಲ್ಲಿ ಬರುವುದು 1 ಎಕರೆ 40 ಸೆಂಟ್ಸ್ ಮಾತ್ರ, ಬ್ಯಾಂಕು ಸಾಲ ಕೊಡುವುದೂ ಅಷ್ಟಕ್ಕೇ. ಕುಮ್ಕಿಯಲ್ಲಿ ಎಷ್ಟೇ ಚೆನ್ನಾದ ರಬ್ಬರ್, ಗೇರು ಇದ್ದರೂ ಅದು ಡೀಮ್ಡ್ ಫಾರೆಸ್ಟ್ (ಅರಣ್ಯವೆಂದು ಪರಿಗಣಿಸಿದ ಜಾಗ) ಪಟ್ಟಿಯಲ್ಲಿ ಇದೆಯೇ, ಅಕ್ರಮ ಸಕ್ರಮದಲ್ಲಿ ಯಾರದಾದರೂ ಅರ್ಜಿ ಬಾಕಿ ಇದೆಯೇ ಎಂದು ನೋಡಿ. ಮಂಜೂರಾದ ಜಾಗವೆಂದು ಹೇಳಿದರೆ ಮಂಜೂರಾತಿಯ ಷರತ್ತುಗಳನ್ನು ಓದಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ ಜಾಗವಾದರೆ 1978ರ ಕಾಯ್ದೆಯಂತೆ ಸರಕಾರದ ಪೂರ್ವಾನುಮತಿ ಇಲ್ಲದೆ ಕೊಂಡದ್ದು ಉಳಿಯುವುದಿಲ್ಲ, ಉಳಿಯಲೂ ಬಾರದು.

ಇನ್ನೂ ಒಂದನ್ನು ನೋಡಿ. ಜಾಗದ ಮೇಲೆ 400 ಕಿಲೋವೋಲ್ಟಿನ ವಿದ್ಯುತ್ ಮಾರ್ಗ ಹಾದಿದ್ದರೆ, ಅಥವಾ ಹಾಯುವುದಿದ್ದರೆ, ಅದರ ಪಟ್ಟಿ 46 ಮೀಟರ್ ಅಗಲ. ನೂರು ಮೀಟರ್ ಉದ್ದಕ್ಕೆ ಹಾದರೆ ಒಂದು ಎಕರೆಗೂ ಮಿಕ್ಕಿ ಜಾಗ ಅದರ ಕೆಳಗೆ ಬೀಳುತ್ತದೆ. ಪಹಣಿಯಲ್ಲಿ ವಿಸ್ತೀರ್ಣ ಒಂದು ಸೆಂಟೂ ಕಡಿಮೆಯಾಗುವುದಿಲ್ಲ, ಆದರೆ ಎತ್ತರದ ಮರ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ.

ತೆಂಕಬೆಟ್ಟು ಅಕ್ಕ, ಉಡುಪಿ ತಾಲೂಕು

ಬೈಲುಮನೆ ತಮ್ಮನವರೇ, ಬೆಲೆಯ ಮಾತು ಮುಗಿಯಿತು, ಪಾಲಿನ ಮಾತು ಯಾರೂ ಎತ್ತಲಿಲ್ಲ. ನಿಮ್ಮ ಜಾಗದ ಬೆಲೆ ಹೆಚ್ಚುವುದೋ ಹಾಳಾಗುವುದೋ ನೀವು ಮೂವರು ಪಾಲುಪತ್ರದಲ್ಲಿ ಗೆರೆ ಎಳೆಯುವ ದಿನ ನಿಶ್ಚಯವಾಗುತ್ತದೆ. ನಮ್ಮ ಮನೆಯಲ್ಲಿ ಆದುದನ್ನು ಹೇಳುತ್ತೇನೆ.

ನಮ್ಮದು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಸಾಗುವ, ಕುಟುಂಬ. ಅಜ್ಜಿಯ ಕಾಲದವರೆಗೆ ಜಾಗ ಒಟ್ಟಿಗೇ ಇತ್ತು, ಯಜಮಾನರು ನೋಡಿಕೊಳ್ಳುತ್ತಿದ್ದರು. 1949ರ ಕಾಯ್ದೆ ಕವರುಗಳಿಗೆ (ಕುಟುಂಬದ ಕವಲುಗಳಿಗೆ) ಪಾಲು ಕೇಳುವ ಹಕ್ಕನ್ನು ಕೊಟ್ಟಿತು, 1956ರ ಉತ್ತರಾಧಿಕಾರ ಕಾಯ್ದೆಯ ಮೇಲೆ ಒಬ್ಬೊಬ್ಬರ ಪಾಲೂ ಬೇರೆಯಾಗತೊಡಗಿತು. 1974ರ ಭೂಸುಧಾರಣೆಯಲ್ಲಿ ಚಾಲಗೇಣಿಯವರು ಡಿಕ್ಲರೇಶನ್ ಕೊಟ್ಟು ತಾವು ಉಳುತ್ತಿದ್ದ ಗದ್ದೆಗಳನ್ನು ಪಡೆದರು. ಅದು ನ್ಯಾಯವಾದ ಕೆಲಸ; ಉತ್ತವರಿಗೆ ನೆಲ ಸೇರಬೇಕಾದದ್ದೇ. ಆದರೆ ಹಿಂದೆ ಒಬ್ಬರ ಹೆಸರಿನಲ್ಲಿದ್ದ ದೊಡ್ಡ ಹಿಡುವಳಿ ಅನೇಕ ಸಣ್ಣ ಹಿಡುವಳಿಗಳಾಯಿತು, ಆ ಸಣ್ಣ ಹಿಡುವಳಿಗಳನ್ನು ಮುಂದಿನ ಎರಡು ತಲೆಮಾರು ಮತ್ತೆ ಹಂಚಿಕೊಂಡಿತು. ದೇಶದ ಕೃಷಿ ಗಣತಿಯಲ್ಲಿಯೂ ಇದೇ ಕಾಣುತ್ತದೆ: 1970-71ರಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್, 2015-16ರಲ್ಲಿ 1.08.

ಹಳೆಯ ಪತ್ರಗಳಲ್ಲಿ ವಿಸ್ತೀರ್ಣಕ್ಕಿಂತ ಮೊದಲು ಬರುತ್ತಿದ್ದುದು ಮುಡಿಯ ಲೆಕ್ಕ. 42 ಸೇರಿನ ಮುಡಿ, ಇಷ್ಟು ಮುಡಿ ಅಕ್ಕಿ ಗೇಣಿ ಬರುವ ಗದ್ದೆ ಎಂದು ಬರೆಯುತ್ತಿದ್ದರು. ಒಳ್ಳೆಯ ಬೈಲು ಅಳತೆಯಲ್ಲಿ ಸಣ್ಣದಾದರೂ ಮುಡಿಯಲ್ಲಿ ದೊಡ್ಡದು. ಅಂದರೆ ಪಾಲು ಮಾಡುವಾಗ ಅವರು ನೆಲವನ್ನಲ್ಲ, ಹುಟ್ಟುವಳಿಯನ್ನು ಹಂಚುತ್ತಿದ್ದರು. 1996ರಲ್ಲಿ ನಮ್ಮಲ್ಲಿ ಪಾಲಾದಾಗ ಅದನ್ನು ಮರೆತು ಸೆಂಟ್ಸ್ ಸಮನಾಗಬೇಕೆಂದು ಹಟ ಹಿಡಿದೆವು. ಗುಡ್ಡೆಯಲ್ಲೂ ಪಾಲು, ಮಜಲಿನಲ್ಲೂ ಪಾಲು, ಬೈಲಿನಲ್ಲೂ ಪಾಲು ಎಂದು ಮೇಲಿನಿಂದ ಕೆಳಗೆ ಐದು ಪಟ್ಟಿ ಎಳೆದೆವು. ನನಗೆ ಬಂದ ಮಜಲಿನ ತುಂಡು 18 ಅಡಿ ಅಗಲ, 240 ಅಡಿ ಉದ್ದ. ಕಾಗದದ ಮೇಲೆ ಹತ್ತಿರ ಹತ್ತಿರ 10 ಸೆಂಟ್ಸ್, ಆದರೆ ಎರಡು ಬದಿ ಜಾಗ ಬಿಟ್ಟರೆ ಮನೆ ಕಟ್ಟಲು ಅಗಲವಿಲ್ಲ, ಟಿಲ್ಲರ್ ತಿರುಗಿಸಲು ಜಾಗವಿಲ್ಲ. ಬೈಲಿನ ತುಂಡಿಗೆ ದಾರಿಯನ್ನೇ ಬರೆಸಿರಲಿಲ್ಲ. ಅಣ್ಣ ಇರುವವರೆಗೆ ಅವರ ಅಂಗಳದಿಂದ ಹೋಗುತ್ತಿದ್ದೆವು, ಅವರ ನಂತರ ಜಾಗ ಬೇರೆಯವರ ಕೈ ಸೇರಿ ತಡಮೆ (ಬೇಲಿ ದಾಟುವ ಕಿಂಡಿ) ಇದ್ದಲ್ಲಿ ಪಾಗಾರ ಬಂತು. ಕೋರ್ಟಿನಲ್ಲಿ ದಾರಿ ಹಕ್ಕು ಸ್ಥಾಪಿಸಲು ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷ ಬೈಲಿನಲ್ಲಿ ಬಿದ್ದ ಅಡಿಕೆಯನ್ನು ಹೆಕ್ಕಲು ಸುತ್ತು ಬಳಸಿ ತೋಡು ದಾಟಿ ಹೋಗುತ್ತಿದ್ದೆವು, ಮಳೆಗಾಲದಲ್ಲಿ ಅದೂ ಸಾಧ್ಯವಿರಲಿಲ್ಲ.

ಆದುದರಿಂದ ಮೂರು ಪಟ್ಟಿ ಎಳೆಯಬೇಡಿ. ಒಬ್ಬರಿಗೆ ಗುಡ್ಡೆ, ಒಬ್ಬರಿಗೆ ತೋಟ, ಒಬ್ಬರಿಗೆ ಮಜಲು ಎಂದು ಇಡಿಯಾಗಿ ಕೊಟ್ಟು, ಬೆಲೆಯ ಅಂತರವನ್ನು ಹಣದಲ್ಲಿ ಸರಿಮಾಡಿಕೊಳ್ಳಿ. ದಾರಿಯನ್ನು ಅಗಲದ ಅಡಿಯ ಸಮೇತ ಪತ್ರದಲ್ಲಿ ಬರೆಸಿ, ನಕ್ಷೆಯಲ್ಲಿ ತೋರಿಸಿ. ಬಾವಿಯ ನೀರಿನ ಹಕ್ಕು ಯಾರಿಗೆ, ಪೈಪು ಯಾರ ಜಾಗದಲ್ಲಿ ಹೋಗಬೇಕು, ಪಂಪಿನ ಕರೆಂಟಿನ ಆರ್‌ಆರ್ ನಂಬ್ರ ಯಾರ ಹೆಸರಿಗೆ ಎಂಬುದನ್ನೂ ಬರೆಸಿ. ನಾಗಬನವಿದ್ದರೆ ಅದನ್ನು ಅಳೆದು ಮೂವರ ಜಂಟಿಯಲ್ಲಿ ಬಿಡಿ. ಯಾರೋ ಒಬ್ಬರ ಪಾಲಿನೊಳಗೆ ಅದು ಸೇರಿಹೋದರೆ ಆ ಪಾಲು ಮಾರಾಟವಾದ ದಿನ ಮನಸ್ತಾಪ ಹುಟ್ಟುತ್ತದೆ.

ನ್ಯಾಯವಾದಿ, ಮಂಗಳೂರು

ಅಕ್ಕನವರ ಮಾತಿಗೆ ಒಂದು ಸೇರ್ಪಡೆ. ಒಂದೇ ಒಡೆತನದ ಜಾಗ ಪಾಲಾದಾಗ ಬೇರೆ ದಾರಿಯೇ ಇಲ್ಲದ ತುಂಡಿಗೆ ಉಳಿದ ತುಂಡುಗಳ ಮೂಲಕ ಅಗತ್ಯದ ದಾರಿ ಹಕ್ಕು 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ದೊರೆಯುತ್ತದೆ. ಆದರೆ ಕಾಲುದಾರಿ ಮತ್ತು ಲಾರಿ ಹೋಗುವ ದಾರಿಯ ನಡುವಿನ ವ್ಯತ್ಯಾಸವೇ ಜಾಗದ ಬೆಲೆಯ ವ್ಯತ್ಯಾಸವಾದ ಕಾಲವಿದು. ಅಗಲವನ್ನು ಬರೆಸದಿದ್ದರೆ ಅದಕ್ಕಾಗಿಯೇ ವ್ಯಾಜ್ಯ ನಡೆಯುತ್ತದೆ.

ಬೈಲುಮನೆ, ಕಾರ್ಕಳ ತಾಲೂಕು

ಎಲ್ಲರಿಗೂ ಕೃತಜ್ಞತೆಗಳು. ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ, ಏಕೆಂದರೆ ನೀವು ಹೇಳಿದುದರಲ್ಲಿ ಕೆಲವನ್ನು ಮಾಡಿ ನೋಡಿದ ಮೇಲೆಯೇ ಬರೆಯಬೇಕೆಂದಿದ್ದೆ.

ಪಹಣಿಯನ್ನು ಬಿಡಿಸಿ ಓದಿದಾಗ 33 ಸೆಂಟ್ಸ್‌ನಲ್ಲಿ 19 ಸೆಂಟ್ಸ್ ತೋಡಿನ ‘ಬ’ ಖರಾಬು ಎಂದು ತಿಳಿಯಿತು. ಅದು ಎಂದೂ ನಮ್ಮದಾಗಿರಲಿಲ್ಲ. ಉಳಿದ 14 ಸೆಂಟ್ಸ್ ಗುಡ್ಡೆಯ ಬಡಗು ಬದಿಯಲ್ಲಿ, ಹಳೆಯ ಅಗಳು ಮುಚ್ಚಿಹೋಗಿ ಹೊಸ ಬೇಲಿ ಬಂದ ಕಡೆಯಲ್ಲಿ ಇರಬೇಕೆಂದು ನಕ್ಷೆ ಹೇಳುತ್ತದೆ.

ಏಪ್ರಿಲ್ 28ರಂದು ಅಕ್ಕನೂ ನಾನೂ ಬೆಳಿಗ್ಗೆ ಬಾವಿಯ ಬಳಿ ಕುಳಿತೆವು. ಪಂಪು ಒಂದು ಗಂಟೆ ಹತ್ತು ನಿಮಿಷ ಓಡಿತು, ಬಾವಿ ಮತ್ತೆ ಹಿಂದಿನ ಮಟ್ಟಕ್ಕೆ ಬರಲು ಐದು ಗಂಟೆ ಹಿಡಿಯಿತು. ದಿನಕ್ಕೆರಡು ಸಲ ಓಡಿಸಿದರೆ ಈಗಿರುವ ಒಂದು ಎಕರೆ ತೋಟಕ್ಕೆ ಸಾಕು, ಮಜಲಿಗೆ ಅಡಿಕೆ ಏರಿಸುವಷ್ಟಿಲ್ಲ. ಮಜಲಿಗೆ ‘ಮುಂದೆ ತೋಟ ಮಾಡಬಹುದಾದ ಜಾಗ’ ಎಂದು ನಾವು ಹಾಕಿದ್ದ ಬೆಲೆಯನ್ನು ಆ ಸಂಜೆಯೇ ಇಳಿಸಿದೆವು.

ತಮ್ಮನೊಡನೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಗುಡ್ಡೆ ಅವನಿಗೆ, ತೋಟ ಅಕ್ಕನಿಗೆ, ಮಜಲು ಮತ್ತು ಅದರ ಜೊತೆಗೆ ಗುಡ್ಡೆಯ ಬುಡದ ಹಳೆಯ ಮನೆ ನನಗೆ. ಅಂತರದ ಹಣವನ್ನು ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಬರೆದು ಮೂವರೂ ಒಪ್ಪಿದ್ದೇವೆ, ಮಾರ್ಗಸೂಚಿ ಬೆಲೆಯನ್ನು ಅದಕ್ಕೆ ಆಧಾರವಾಗಿ ಹಿಡಿದಿಲ್ಲ. ಪಂಚಾಯತ್ ರಸ್ತೆಯಿಂದ ಬಾವಿಯವರೆಗೆ 12 ಅಡಿ ಅಗಲದ ದಾರಿ ತೆಂಕು ಗಡಿಯ ಗುಂಟ ಹೋಗುತ್ತದೆ. ಸುಮಾರು 300 ಅಡಿ ಉದ್ದ, ಎಂಟೂಕಾಲು ಸೆಂಟ್ಸ್ ಅದಕ್ಕೆ ಹೋಗುತ್ತದೆ. ನಾಗಬನದ 4 ಸೆಂಟ್ಸ್ ಮೂವರ ಜಂಟಿಯಲ್ಲಿ ಉಳಿಯುತ್ತದೆ. ತಮ್ಮನು ಗುಡ್ಡೆಯನ್ನು ಹೊರಗಿನವರಿಗೇ ಮಾರಬೇಕಾಗಬಹುದು, ಆ ಬೆಲೆಯನ್ನು ಕೊಡುವ ಶಕ್ತಿ ಅಕ್ಕನಿಗೂ ನನಗೂ ಇಲ್ಲ. ಆದರೆ ಕ್ರಯಪತ್ರದಲ್ಲಿ ಪೂರ್ತಿ ಬೆಲೆಯನ್ನು ಬರೆಸುವುದೆಂದು ಅವನು ಒಪ್ಪಿಕೊಂಡಿದ್ದಾನೆ.

ಹದ್ದುಬಸ್ತಿಗೆ ದಿನ ಗೊತ್ತಾಗಿದೆ. ಬಡಗು ಬದಿಯ ನೆರೆಮನೆಯ ಹಿರಿಯರಿಗೆ ನೋಟೀಸು ಹೋಗುವ ಮುಂಚೆಯೇ ನಾನು ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಒಳಗೆ ಹೋಗಿ ತಮ್ಮ ತಂದೆಯ ಕಾಲದ ಕ್ರಯಪತ್ರವನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದರು. ಅಗಳು ಎಲ್ಲಿತ್ತೆಂಬುದು ತಮಗೆ ನೆನಪಿದೆ, ಅದರ ಮೂಲೆಯಲ್ಲಿ ಒಂದು ಹಲಸಿನ ಮರದ ಬುಡ ಈಗಲೂ ಸಿಗಬೇಕು, ಅಳತೆಯ ದಿನ ಬೆಳಿಗ್ಗೆ ಹಾರೆ ಹಿಡಿದುಕೊಂಡು ಬರುತ್ತೇನೆ ಎಂದಿದ್ದಾರೆ.